ಸೊಸೆಯ ಕಂಪೈಲರೂ ನಮ್ಮ ಮನೆಯ ಸಂಕಷ್ಟಿಯೂ

ನನ್ನ ಹಳೆಯ ಡೈರಿಯಲ್ಲಿ ನವೆಂಬರ್ ಐದರಂದು ಹೀಗುಂಟು: "ಸೊಸೆ ಇಂದಿನಿಂದ ಮನೆಯಲ್ಲೇ ಕೂತು ಕಂಪೈಲರ್ ರಿಪೇರಿ ಮಾಡುತ್ತಾಳೆ. ಡಿಸೆಂಬರ್ ಮೊದಲ ವಾರ ಕಂಪೆನಿಯವರು ಪರೀಕ್ಷಿಸುತ್ತಾರೆ. ಒಪ್ಪದಿದ್ದರೆ ಎಲ್ಲವೂ ಕಸದ ಬುಟ್ಟಿಗೆ." ಗಂಭೀರವಾದ ಕೆಲಸ ಶುರುವಾದ ಮನೆಯಲ್ಲೇ ನಾನೀಗ ಹೇಳುವಂಥವೆಲ್ಲ ನಡೆಯುವುದು.

ಮುಚ್ಚಿದ ಬಾಯಿ

ನಾನು ಗಣಿತದಲ್ಲಿ ಬಿ.ಎಸ್ಸಿ. ಮಾಡಿದ ಅತ್ತೆ. ಕೇಳದೆ ಬಿಡುತ್ತೇನೆಯೇ? "ಎಂತ ರಿಪೇರಿ ಅದು?"

"ನಾವು ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುದು ಕಂಪೈಲರ್ ಮಾಮಿ. ಬದಲಾಗದ ಲೆಕ್ಕಗಳನ್ನು ಪ್ರೋಗ್ರಾಂ ಓಡುವ ಮೊದಲೇ ಅದು ಮಾಡಿಡ್ತದೆ. ಲೆಕ್ಕ ತಪ್ಪಿದ್ರೆ ಹೇಳ್ಬೇಕು. ಇದು ಹೇಳುದಿಲ್ಲ. ಸೊನ್ನೆ ಹಾಕಿ ಮುಂದೆ ಹೋಗ್ತದೆ."

ಪಕ್ಕದಲ್ಲಿ ಮಗ ಉಪ್ಪಿಲ್ಲದ ಸಾರನ್ನು ತೆಪ್ಪಗೆ ಕಲಸಿ ಉಣ್ಣುತ್ತಿದ್ದ.

"ಹಾಗಾದರೆ ಇವನಿಂದಲೇ ಶುರು ಮಾಡು," ಎಂದೆ.

ತೆರೆದ ಬಾಯಿ

ಸ್ವಲ್ಪ ದಿನದಲ್ಲಿ ಕಂಪೈಲರಿಗೆ ಬಾಯಿ ಬಂತು. ಆದರೆ ಮೊದಲ ತಪ್ಪು ಕಂಡೊಡನೆ ನಿಲ್ಲುತ್ತಿತ್ತು. ಅದನ್ನು ತಿದ್ದಿದರೆ ಇನ್ನೊಂದು. ಫೋಟೋ ಇಲ್ಲವೆಂದು ಮನೆಗೆ ಅಟ್ಟಿ, ಫೋಟೋ ತಂದ ಮೇಲೆ ಸಹಿ ಇಲ್ಲವೆಂದು ಅಟ್ಟುವ ಗುಮಾಸ್ತರ ಹಾಗೆ.

"ಎಲ್ಲ ಒಟ್ಟಿಗೆ ಹೇಳಿಸು ಮಾರಾಯ್ತಿ!" ಎಂದೆ.

ಹೇಳಿಸಿದಳು. ಒಂದು ಲೆಕ್ಕ ತಪ್ಪಿದರೆ ಅದನ್ನು ನಂಬಿದ ಲೆಕ್ಕಗಳೆಲ್ಲ ತಪ್ಪಂತೆ. ಒಂದೇ ತಪ್ಪಿಗೆ ಪರದೆ ತುಂಬ ಬೈಗುಳ.

"ಈಗ ಇದು ಯಾರ ಹಾಗಾಯ್ತು?" ಎಂದ ಮಗ. ಏಕೋ ಇಬ್ಬರೂ ನನ್ನನ್ನೇ ನೋಡಿದರು.

ಸಂಕಷ್ಟಿ

ಪರೀಕ್ಷೆಯ ದಿನವೂ ಬಂತು. ಕಂಪೈಲರಿನ ಬೈಗುಳ ಮಾತ್ರ ನಿಂತಿರಲಿಲ್ಲ. ಬೆಳಿಗ್ಗೆ ಕ್ಯಾಲೆಂಡರ್ ನೋಡಿದೆ. ಆ ತಾರೀಕಿಗೆ ಸಂಕಷ್ಟಿ ಎಂದಿತ್ತು. "ಸಂಕಷ್ಟಿಗೆ ಬಂಗುಡೆ ತರುದಾ?" ಎಂದು ಮೀನಿನವಳನ್ನು ಗದರಿಸಿ ಕಳಿಸಿದೆ. ಪಣಂಬೂರಿಗೆ ಕೆಲಸಕ್ಕೆ ಹೊರಟ ಮಗನಿಗೆ ಮೊಟ್ಟೆ ತಿಂದದ್ದಕ್ಕೆ ಬೈದೆ. ನಿನ್ನೆಯ ಕೋಳಿ ಗಸಿ ಪಾತ್ರೆ ಸಮೇತ ಪಕ್ಕದ ಮನೆಗೆ ಹೋಯಿತು. ಕೊನೆಗೆ ಸೊಸೆಯತ್ತ ತಿರುಗಿದೆ: "ಸಂಕಷ್ಟಿ ದಿನ ತಲೆಗೆ ಸ್ನಾನವೂ ಇಲ್ಲದೆ ಕೂತಿದ್ದೀಯಲ್ಲ!"

ಅವಳು ಎದ್ದು ಬಂದು ಕ್ಯಾಲೆಂಡರಿನ ಹಾಳೆ ಮಗುಚಿದಳು. ಗೋಡೆಯಲ್ಲಿ ಅದುವರೆಗೂ ನವೆಂಬರೇ ಇತ್ತು; ಡಿಸೆಂಬರಿನ ಆ ತಾರೀಕಿಗೆ ಸಂಕಷ್ಟಿಯೇ ಇರಲಿಲ್ಲ.

"ಮಾಮಿ, ತಪ್ಪು ಇದೊಂದೇ. ಉಳಿದದ್ದೆಲ್ಲ ಇದರ ಮರಿಗಳು. ಮರಿಗಳಿಗೆ ಯಾಕೆ ಬೈಯುದು?"

ಹಾಗೆಂದವಳು ತನ್ನ ಮಾತಿಗೆ ತಾನೇ ಬೆಚ್ಚಿ ಕಂಪ್ಯೂಟರಿಗೆ ಓಡಿದಳು. ಮೂಲ ತಪ್ಪನ್ನು ಮಾತ್ರ ಹೇಳಿ, ಅದರಿಂದ ಹುಟ್ಟಿದವುಗಳ ಬಗ್ಗೆ ಸುಮ್ಮನಿರುವಂತೆ ಕಂಪೈಲರನ್ನು ತಿದ್ದಿದಳು. ಸಂಜೆ ಕಂಪೆನಿಯವರು ಒಪ್ಪಿದರು. ಉಪಾಯ ಎಲ್ಲಿಂದ ಬಂತೆಂದು ಅವಳ ಮೇಲಧಿಕಾರಿ ಕೇಳಿದರಂತೆ.

"ಮನೆಯಲ್ಲೇ ದೊಡ್ಡ ಉದಾಹರಣೆ ಉಂಟು ಸಾರ್," ಅಂದಳಂತೆ. ನನಗಂತೂ ಹೆಮ್ಮೆಯೇ.

ಇದಕ್ಕೆಲ್ಲ ಒಟ್ಟು ತಗುಲಿದ ಖರ್ಚನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ: ಒಂದು ಪಾತ್ರೆ ಕೋಳಿ ಗಸಿ, ಮೀನಿನವಳ ಮುನಿಸು, ಕ್ಯಾಲೆಂಡರ್ ಮಗುಚುವ ಅಧಿಕಾರ. ಗಸಿ ಮತ್ತೆ ಮಾಡಿದೆ. ಮುನಿಸೂ ಇಳಿಯಿತು. ಕ್ಯಾಲೆಂಡರ್ ಮಾತ್ರ ಈಗ ಸೊಸೆಯ ಕೈಯಲ್ಲುಂಟು.