ಬೇಟೆ ಹಿಡಿಸಬಾರದ ಬೆನ್ನುಚೀಲ

ಸೀರೆ ಆರಿಸುವಾಗ ಹೆಂಗಸರಿಗೆ ಹೊತ್ತಿನ ಪರಿವೆ ಇರುವುದಿಲ್ಲ ಎಂದು ಗಂಡಸರು ನಗುತ್ತಾರೆ. ಅಂಗಡಿಯವನು ಇಪ್ಪತ್ತು ಸೀರೆ ಬಿಚ್ಚಿ ಹಾಕಿದರೂ ನಮ್ಮ ಕಣ್ಣು ಮಡಿಚಿಟ್ಟ ಇಪ್ಪತ್ತೊಂದನೆಯದರ ಮೇಲೆಯೇ ಇರುತ್ತದಂತೆ. ಇರಬಹುದು, ನಾನೇನೂ ಅಲ್ಲಗಳೆಯುವುದಿಲ್ಲ. ಆದರೆ ಒಬ್ಬ ಗಂಡಸು ಬೇಟೆಗೆ ಹೋಗಲು ಬೆನ್ನಿಗೆ ಚೀಲ ಆರಿಸಿಕೊಳ್ಳುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಯುಗಾದಿಗೆ ಶುರುವಾದ ಆ ಆಯ್ಕೆ ದೀಪಾವಳಿಗೆ ಮುಗಿಯಿತು. ಅಷ್ಟು ದಿನದಲ್ಲಿ ನಮ್ಮ ಓಣಿಯಲ್ಲಿ ಎರಡು ಮದುವೆಗಳು ಕೂಡಿ ಬಂದು, ಆಗಿಯೂ ಹೋದವು.

ನಮ್ಮವರದು ಮೂಡಲಗಿ ಪೇಟೆಯಲ್ಲಿ ಕಿರಾಣಿ ಅಂಗಡಿ. ಲಿಂಗವಂತರ ಮನೆ; ಮಾಂಸವೆಂಬ ಮಾತನ್ನು ಕೂಡ ನಮ್ಮತ್ತೆಯವರು ಬಾಯಿಂದ ಆಡುವವರಲ್ಲ, "ಆ ಪದಾರ್ಥ" ಎನ್ನುತ್ತಾರೆ. ಇಂಥ ಮನೆಗೆ ಸೋದರಮಾವನ ಕಡೆಯಿಂದ ಬಾಯಲ್ಲಿ ಮದ್ದು ತುಂಬುವ ಒಂದು ಹಳೆಯ ಬಂದೂಕು ಬಂತು. ಅದರ ಹಿಂದೆಯೇ ಬೇಟೆಯ ಹುಚ್ಚೂ ಬಂತು. ತಿಂಗಳಿಗೊಮ್ಮೆ ನಾಗನೂರಿನ ಲಗಮಪ್ಪನ ತಂಡದ ಜೊತೆ ಗೋಕಾಕದ ಗುಡ್ಡಗಳ ಕಡೆ ಎರಡು ದಿನದ ಮಟ್ಟಿಗೆ ಹೋಗಿಬಿಡುತ್ತಿದ್ದರು. ಹೊಡೆದದ್ದನ್ನು ತಿನ್ನುವವರಲ್ಲ, ಮತ್ತೆ ಯಾಕೆ ಹೋಗುತ್ತೀರಿ ಎಂದು ಕೇಳಿದರೆ, "ಗುರಿ ಹಿಡಿಯಾಕ" ಎನ್ನುತ್ತಿದ್ದರು. ದೇವರು ಕೊಟ್ಟದ್ದನ್ನು ಎಣಿಸಿಕೊಳ್ಳಬೇಕು. ನಮ್ಮವರು ಕುಡಿಯುವುದಿಲ್ಲ. ಇಸ್ಪೀಟು ಮುಟ್ಟುವುದಿಲ್ಲ. ಬಂದೂಕು ಹಾರಿಸುತ್ತಾರೆ, ಆದರೆ ಅದು ಯಾವ ಪ್ರಾಣಿಗೂ ತಾಗುವುದಿಲ್ಲ. ಒಂದೇ ಗಂಡಸಿನಲ್ಲಿ ಮೂರು ಕೃಪೆ. ಇನ್ನೂ ಬೇಕೆಂದರೆ ಬಸವಣ್ಣ ಸಿಟ್ಟಾದಾನು.

ತೊಡಕು ಬಂದದ್ದು ಪಾಲಿನಿಂದ. ಬೇಟೆಗಾರರಲ್ಲಿ ಒಂದು ಕಟ್ಟಳೆ ಇದೆ: ಜೊತೆಗೆ ನಡೆದವರಿಗೆಲ್ಲ ಪಾಲು ಸಲ್ಲಬೇಕು. ಹೊಡೆದವನಿಗೂ ಸಲ್ಲಬೇಕು, ತಪ್ಪಿಸಿದವನಿಗೂ ಸಲ್ಲಬೇಕು, ಸುಮ್ಮನೆ ಪೊದೆ ಬಡಿದವನಿಗೂ ಸಲ್ಲಬೇಕು. ಬೇಡ ಎಂದರೆ ಜೊತೆಯವರನ್ನೇ ಬೇಡ ಎಂದ ಹಾಗೆ. ಒಮ್ಮೆ ಅವರ ತಂಡಕ್ಕೆ ತಲೆಗೊಂದರಂತೆ ಮೊಲ ಸಿಕ್ಕವು. ನಮ್ಮವರ ಪಾಲಿಗೆ ಬಂದ ಮೊಲವನ್ನು ಲಗಮಪ್ಪ ಮುತ್ತುಗದ ಎಲೆಯಲ್ಲಿ ಸುತ್ತಿ ಇವರ ಬುತ್ತಿಯ ಅರಿವೆಯಲ್ಲಿಯೇ ಕಟ್ಟಿಬಿಟ್ಟ. ಇವರು ಮಾತಾಡದೆ ತಂದು, ಊರ ಹೊರಗೆ ಹಳ್ಳದ ನಾಯಿಗಳಿಗೆ ಹಾಕಿ, ಸ್ನಾನ ಮಾಡಿ ಮನೆಗೆ ಬಂದರು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮರುದಿನ ಲಗಮಪ್ಪ ಅಂಗಡಿಗೆ ಬೆಲ್ಲ ಒಯ್ಯಲು ಬಂದವನು, ಕಟ್ಟೆಯ ಮೇಲೆ ಕುಳಿತಿದ್ದ ನಮ್ಮತ್ತೆಯವರನ್ನು ಕಂಡು ಬಲು ಪ್ರೀತಿಯಿಂದ, "ಏನ್ರಿ ಆಯಾರ, ಮೊಲಾ ಮೆತ್ತಗಿತ್ತಿಲ್ರಿ?" ಎಂದು ಕೇಳಿದ.

ಅಂದು ಮನೆಯ ಗಡಿಗೆಗಳೆಲ್ಲ ಹೊರಗೆ ಬಂದವು. ಒಳಗೇ ಬಾರದ ಮೊಲಕ್ಕಾಗಿ ನಾನು ಅಟ್ಟದಿಂದ ಹಿತ್ತಲಿನವರೆಗೆ ಸಾರಿಸಿದೆ. ಎಲ್ಲ ಮುಗಿದ ಮೇಲೆ ಅತ್ತೆಯವರು ನನ್ನನ್ನು ಕರೆದು, ಮಗನಿಗೂ ಕೇಳಿಸುವ ಹಾಗೆ ಹೇಳಿದರು: "ನೋಡ ಯವ್ವಾ, ಇವತ್ತ ಹಳ್ಳದಾಗ ಒಗದು ಬಂದಾನ. ನಾಳೆ ಮರತು ಮನೀತನಕಾ ತಂದರ? ಬ್ಯಾಟಿ ಅನ್ನೂದು ಒಂದು ಕೂದಲಾದರೂ ಈ ಹೊಸ್ತಿಲಾ ದಾಟಿತು ಅಂದರ, ನಾ ಘೋಡಗೇರಿಗೆ ಮಗಳ ಮನಿಗೆ ಹೊಂಟೆ. ತಿರುಗಿ ಬರೂದಿಲ್ಲ."

ಅವರು ಹಾಗೆ ಎಂದರೆ ಹಾಗೆಯೇ. ಹಿಂದೊಮ್ಮೆ ಬೀಗರ ಮನೆಯವರು ಹೋಳಿಗೆಗೆ ತುಪ್ಪ ಕಡಿಮೆ ಬಡಿಸಿದರೆಂದು ಹನ್ನೊಂದು ವರ್ಷ ಆ ಓಣಿಗೆ ಕಾಲಿಡದವರು. ಅವರು ಗಂಟು ಕಟ್ಟಿ ಹೊರಟರೆ ನಮ್ಮವರ ಬೇಟೆಯ ಹೆಸರನ್ನು ಯಾರೂ ಎತ್ತುವುದಿಲ್ಲ, "ಸೊಸಿ ಮುದುಕೀನ ಓಡಿಸಿದ್ಲು" ಎಂದು ಇಲ್ಲಿಂದ ಕಲ್ಲೋಳಿಯವರೆಗೂ ಸುದ್ದಿಯಾಗುತ್ತದೆ. ನಮ್ಮವರು ಬೇಟೆ ಬಿಡಲಾರರು, ಪಾಲು ಬೇಡ ಎಂದು ಲಗಮಪ್ಪನ ಮುಖ ಮುರಿಯಲಾರರು. ಉಳಿದ ದಾರಿ ಒಂದೇ. ಬುತ್ತಿ, ವಿಭೂತಿ, ಪೂಜೆಯ ತಂಬಿಗೆ ಹಿಡಿಸಬೇಕು, ಪಾಲು ಮಾತ್ರ ಹಿಡಿಸಬಾರದು, ಅಂಥ ಒಂದು ಚೀಲ ಬೇಕು. ಎರಡು ಕೈಯೂ ಬಂದೂಕಿಗೆ ಬೇಕಾದ್ದರಿಂದ ಅದು ಬೆನ್ನ ಮೇಲೆಯೇ ಇರಬೇಕು.

ಮೊದಲು ಹೆಗಲಿಗೆ ಹಾಕುವ ಬಟ್ಟೆಯ ಚೀಲವಾಯಿತು. ಅದು ಗುಡ್ಡ ಏರುವಾಗ ಮುಂದಕ್ಕೆ ಬಂದು ಮೊಣಕಾಲಿಗೆ ಬಡಿಯಿತು, ಇಳಿಯುವಾಗ ಹಿಂದಕ್ಕೆ ಹೋಗಿ ಜಾಲಿಯ ಮುಳ್ಳಿಗೆ ಸಿಕ್ಕಿತು. ಒಂದು ಮುಳ್ಳಿನಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಹಂದಿಯೊಂದು ಇವರನ್ನು ನಿಂತು ನೋಡಿ ಹೋಯಿತಂತೆ. ಆಮೇಲೆ ಇವರೇ ಅಂಗಡಿಯ ಗೋಣಿಚೀಲಕ್ಕೆ ಎರಡು ಹಗ್ಗ ಕಟ್ಟಿ ಬೆನ್ನಿಗೇರಿಸಿದರು. ಹಗ್ಗ ಹೆಗಲನ್ನು ಕೊಯ್ದದ್ದು ಒಂದು ಪಾಡಾದರೆ, ಅದು ಬೆಲ್ಲದ ಗೋಣಿಯಾಗಿದ್ದದ್ದು ಇನ್ನೊಂದು ಪಾಡು. ಪೊದೆಯ ಹಿಂದೆ ಉಸಿರು ಬಿಗಿಹಿಡಿದು ಕುಳಿತಾಗ ಇರುವೆಗಳು ಬೆಲ್ಲ ಹುಡುಕುತ್ತ ಅಂಗಿಯ ಒಳಗೆ ಇಳಿದವು. "ನಿಮ್ಮ ಸಾವ್ಕಾರ್ರು ಎದ್ದು ಕುಣದ ಕುಣತಕ್ಕ ನಾಲ್ಕು ಗುಡ್ಡದಾಗಿನ ಜನಾವರ ಖಾಲಿ ಆದೂರಿ ಅಕ್ಕಾರ" ಎಂದು ಲಗಮಪ್ಪ ವರದಿ ಕೊಟ್ಟ. ನಾನು ಮನಸ್ಸಿನಲ್ಲಿಯೇ ಇರುವೆಗಳಿಗೆ ಕೈ ಮುಗಿದೆ.

ಮೂರನೆಯದು ಹುಕ್ಕೇರಿಯಿಂದ ಬಂತು. ಅಲ್ಲಿ ಪೆನ್ಶನ್ ಪಡೆದ ಸಿಪಾಯಿ ಕಾಕಾ ಒಬ್ಬರಿದ್ದರು. ದೊಡ್ಡ ಯುದ್ಧಕ್ಕೆ ಸಮುದ್ರ ದಾಟಿ ಹೋಗಿಬಂದವರು. ಅವರು ತಮ್ಮ ಪಲ್ಟಣದ ಖಾಕಿ ಚೀಲವನ್ನು ತಾವೇ ಹೊತ್ತು ತಂದು ಪಡಸಾಲೆಯಲ್ಲಿ ಪಾಠ ಮಾಡಿದರು. "ಭಾರ ಹೆಗಲಮ್ಯಾಲ ಬೀಳಬಾರದು, ಟೊಂಕದಮ್ಯಾಲ ಕುಂಡ್ರಬೇಕು. ಪಟ್ಟಿ ನಾಲ್ಕು ಬೆರಳು ಅಗಲ ಬೇಕು. ಮೊದಲ ಬೇಕಾಗೂದು ಮ್ಯಾಲ, ಕಡೀಕ ಬೇಕಾಗೂದು ಕೆಳಗ. ಹ್ಞಾಂ, ಮತ್ತ ನಡದರ ಸಪ್ಪಳ ಆಗಬಾರದು." ನಮ್ಮವರು ಅದನ್ನು ಬೆನ್ನಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಎಡ ಬಲ ನಡೆದರು. ಚೀಲವೇನೋ ಚೆನ್ನಾಗಿತ್ತು. ಆದರೆ ಅತ್ತೆಯವರು ಮೂಗಿಗೆ ಸೆರಗು ಹಿಡಿದು ಅದರ ತಳದಲ್ಲಿದ್ದ ಒಂದು ಕಲೆ ತೋರಿಸಿ, "ಇದೇನ ಕಲಿ?" ಎಂದರು. ಕಾಕಾ, "ಚಾದ ಕಲಿ ಇರಬೇಕ್ರಿ ಆಯಾರ" ಎಂದರು. "ಇರಬೇಕು ಅಂದರ? ನಿಮಗ ಖರೆ ಗೊತ್ತಿಲ್ಲೇನು?" ಕಾಕಾ ಸ್ವಲ್ಪ ಯೋಚಿಸಿ, ಯುದ್ಧದಲ್ಲಿ ಎಲ್ಲವೂ ನೆನಪಿರುವುದಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಆ ಪ್ರಾಮಾಣಿಕತೆಯಿಂದಾಗಿ ಅವರ ಚೀಲ ಅವರ ಜೊತೆಗೇ ಹುಕ್ಕೇರಿಗೆ ಹಿಂದಿರುಗಿತು.

ಕೊನೆಗೆ ನಾನೇ ಹೊಲಿಯುತ್ತೇನೆ ಎಂದೆ. ನನಗೆ ಬರುವುದು ಕೌದಿ ಹೊಲಿಗೆಯೊಂದೇ. ಹಳೆಯ ಸೀರೆ ಧೋತರಗಳನ್ನು ಐದು ಪದರು ಹಾಕಿ, ಮಣ್ಣಿನ ಬಣ್ಣದ ಅರಿವೆಯನ್ನು ಮೇಲಿಟ್ಟು, ಒತ್ತೊತ್ತಾಗಿ ದಾರ ಓಡಿಸಿದೆ. ಕಾಕಾ ಹೇಳಿದ ಹಾಗೆ ಪಟ್ಟಿ ಅಗಲ ಮಾಡಿದೆ, ಟೊಂಕಕ್ಕೆ ಕಟ್ಟಲು ಎರಡು ಬಾಲ ಬಿಟ್ಟೆ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಗಿಸಬಾರದೆಂದು ನಮ್ಮಲ್ಲಿ ಕೊನೆಯ ಮೂಲೆಯಲ್ಲಿ ಕಾಳನ್ನೋ ರೊಟ್ಟಿಯ ಚೂರನ್ನೋ ಇಟ್ಟು ಹೊಲಿಯುವುದುಂಟು. ಹಾಗೆಯೇ ಒಂದು ಹಿಡಿ ಜೋಳ ಇಟ್ಟು ಹೊಲಿದೆ. ಉಳಿದದ್ದು ಬಾಯಿ. ಮೊಲ ಹಿಡಿಸಬಾರದು ಎಂದರೆ ಮೊಲ ಎಷ್ಟು ದಪ್ಪವಿರುತ್ತದೆ ಎಂದು ತಿಳಿಯಬೇಕಲ್ಲ! ನಮ್ಮವರನ್ನು ಕೇಳಿದರೆ ಎರಡು ಕೈ ಚಾಚಿ ತೋರಿಸಿದರು. ಮರುದಿನ ಕೇಳಿದಾಗ ಕೈಗಳು ಇನ್ನೂ ದೂರ ಹೋಗಿದ್ದವು. ಲಗಮಪ್ಪನನ್ನು ಕೇಳಿದೆ.

"ಯಾವ ಮೊಲಾರಿ ಅಕ್ಕಾರ? ನಾ ಹೊಡದದ್ದೋ, ಸಾವ್ಕಾರ್ರು ತಪ್ಪಿಸಿದ್ದೋ? ಅವರು ತಪ್ಪಿಸಿದ್ದು ಎಲ್ಲಾ ಆಕಳ ಕರುವಿನಷ್ಟು ಇರ್ತಾವ್ರಿ."

ಕೊನೆಗೆ ಅವನು ಹೊಡೆದದ್ದರ ಅಳತೆಗೆ ನನ್ನ ನೀರಿನ ತಂಬಿಗೆ ತೋರಿಸಿ, ಅದಕ್ಕಿಂತ ತುಸು ದಪ್ಪ ಎಂದ. ನಾನು ತಂಬಿಗೆ ಬಿಗಿಯಾಗಿ ಹಿಡಿಸುವಷ್ಟೇ ಬಾಯಿ ಇಟ್ಟು, ಸುತ್ತ ನಾಲ್ಕು ಸಾಲು ಹೊಲಿಗೆ ಹಾಕಿದೆ. ಆಗ ಇನ್ನೊಂದು ಫಜೀತಿ ಹೊಳೆಯಿತು: ಆ ಬಾಯಿಯಲ್ಲಿ ರೊಟ್ಟಿ ಹೋಗುವುದಿಲ್ಲ. ಬಾಯಿ ಹಿಗ್ಗಿಸುವ ಹಾಗಿಲ್ಲ. ಅದಕ್ಕೆ ರೊಟ್ಟಿಯನ್ನೇ ಕುಗ್ಗಿಸಿ ಅಂಗೈಯಗಲ ಬಡಿದೆ. ರೊಟ್ಟಿಗೆ ತಕ್ಕ ಚೀಲ ಹೊಲಿದವರು ಬಹಳ ಜನ ಇರಬಹುದು, ಚೀಲಕ್ಕೆ ತಕ್ಕ ರೊಟ್ಟಿ ಬಡಿದವಳು ಈ ಸೀಮೆಗೆ ನಾನೊಬ್ಬಳೇ.

ಚೀಲ ಗೆದ್ದಿತು. ಮುಂದಿನ ಬೇಟೆಯಲ್ಲಿ ತಂಡಕ್ಕೆ ಹಂದಿ ಸಿಕ್ಕಿತು. ಲಗಮಪ್ಪ ಇವರ ಪಾಲು ಹಿಡಿದು ಚೀಲದ ಬಾಯಿಗೆ ಉದ್ದ ಇಟ್ಟು ನೋಡಿದ, ಅಡ್ಡ ಇಟ್ಟು ನೋಡಿದ. "ಏನ್ ಮಾಡ್ಲೋ ಲಗಮಪ್ಪಾ, ನಾ ಒಲ್ಲೆ ಅನ್ನಾಕತ್ತಿಲ್ಲ, ಚೀಲ ಒಲ್ಲೆ ಅನ್ನಾಕತ್ತೈತಿ" ಎಂದರಂತೆ ನಮ್ಮವರು. ಯಾರಿಗೂ ಬೇಜಾರಾಗಲಿಲ್ಲ. ಮೇಲಾಗಿ ನನ್ನ ಪುಟ್ಟ ರೊಟ್ಟಿ, ಶೇಂಗಾ ಚಟ್ನಿ ಎಲ್ಲರಿಗೂ ಸೇರಿ, ಬೇಟೆಗಾರರು ಬೇಟೆ ಬಿಟ್ಟು ಮಧ್ಯಾಹ್ನವಾಗುವುದನ್ನೇ ಕಾಯುವಂತಾಯಿತು. ಅವರು ಉಣ್ಣುವಷ್ಟು ಹೊತ್ತು ಕಾಡಿನ ಜೀವಗಳಿಗೂ ಬಿಡುವು. ಇದೂ ಒಂದು ಕೃಪೆ ಎಂದು ಎಣಿಸಿಕೊಂಡೆ. ಎಣಿಸುವಾಗ ತುಸು ಜಂಭವೂ ಬಂದಿತ್ತು ಎಂದು ಈಗ ಅನ್ನಿಸುತ್ತದೆ.

ಮಾಘದ ಒಂದು ಸಂಜೆ ನಮ್ಮವರು ಬಂದು ಎಂದಿನ ಹಾಗೆ ಚೀಲವನ್ನು ನಡುಮನೆಯ ಕಂಬಕ್ಕೆ ಆನಿಸಿದರು. ಅತ್ತೆಯವರು ಪಕ್ಕದಲ್ಲಿ ಹತ್ತಿ ಬತ್ತಿ ಹೊಸೆಯುತ್ತಿದ್ದರು. ಚೀಲ ಅಲುಗಿತು. ಅವರು ನೋಡಿದರು. ಅದು ಮತ್ತೆ ಅಲುಗಿತು. ನಾನು ಬಾಯಿಯ ದಾರ ಸಡಿಲಿಸಿದ್ದೇ ತಡ, ಒಂದು ಲಾವಕ್ಕಿ ಬುರ್ರೆಂದು ಹಾರಿ, ಬತ್ತಿಯ ಬುಟ್ಟಿ ಕೆಡವಿ, ನೇರವಾಗಿ ದೇವರ ಮಾಡದಲ್ಲಿ ಹೋಗಿ ವಿಭೂತಿಯ ಗಟ್ಟಿಯ ಮೇಲೆ ಕುಳಿತಿತು. ನಾನು ಮೊಲಕ್ಕೆ ಅಳತೆ ಹಿಡಿದಿದ್ದೆ. ಲಾವಕ್ಕಿಯ ನೆನಪು ನನಗೆಲ್ಲಿಂದ ಬರಬೇಕು? ಚೀಲದ ಒಳಗೆ ನೋಡಿದರೆ ಮೂಲೆಯ ಹೊಲಿಗೆ ಕುಕ್ಕಿ, ನಾನಿಟ್ಟ ಜೋಳವನ್ನೆಲ್ಲ ತಿಂದು ಮುಗಿಸಿತ್ತು.

ನಮ್ಮವರ ಮುಖ ವಿಭೂತಿಗಿಂತ ಬೆಳ್ಳಗಾಯಿತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿದ್ದ ಲಗಮಪ್ಪ ಅಂಗಳದಲ್ಲಿ ನೀರು ಕುಡಿಯುತ್ತ ನಿಂತಿದ್ದವನು ಬಾಗಿಲಿಗೆ ಬಂದ. "ನಾನಾ ಹಾಕೇನ್ರಿ ಆಯಾರ. ಬಲಿಯಾಗ ಸಿಕ್ಕಿತ್ತು. ಎಲ್ಲಾರೂ ಪಾಲು ಒಯ್ಯಾಕತ್ತಾಗ ಸಾವ್ಕಾರ್ರು ಅಷ್ಟ ಖಾಲಿ ಬೆನ್ನಲೆ ಹೋಗೂದು ನನಗ ನೋಡಾಕ ಆಗಲಿಲ್ಲ. ಸತ್ತದ್ದು ನಿಮಗ ನಡಿಯೂದಿಲ್ಲ, ಅದಕ ಜೀವಂತದ್ದು ಇಟ್ಟೇನಿ."

"ಹಿಡದದ್ದು ಬ್ಯಾಟ್ಯಾಗ ಹೌದಲ್ಲೋ?" ಎಂದರು ಅತ್ತೆ.

"ಹೌದ್ರಿ."

"ಹೊಸ್ತಿಲಾ ದಾಟೈತಿ ಹೌದಲ್ಲೋ?"

"ದಾಟೈತ್ರಿ. ಆದರ ಹಾರಿ ಬಂದಿಲ್ರಿ, ಹೊತ್ಕೊಂಡು..." ಎನ್ನುತ್ತ ಅವನು, ಅದರಿಂದ ಮಾತು ಇನ್ನೂ ಕೆಡುತ್ತದೆ ಎಂದು ಹೊಳೆದು, ನಿಲ್ಲಿಸಿದ. ಅಷ್ಟರಲ್ಲಿ ಲಾವಕ್ಕಿ ಬೆಳಕಿಂಡಿಯಿಂದ ಹಾರಿಹೋಯಿತು.

ಅತ್ತೆಯವರು ಕೂಗಾಡಲಿಲ್ಲ. ಒಳಗೆ ಹೋಗಿ ಎರಡು ಸೀರೆ, ಪೂಜೆಯ ಬಟ್ಟಲು, ಎಲೆ ಅಡಿಕೆಯ ಸಂಚಿ ತಂದು ಗಂಟು ಕಟ್ಟಿದರು. ನಮ್ಮವರು, "ಯವ್ವಾ, ನಾ ಬಂದೂಕು ಮಾರಿಬಿಡ್ತೀನಿ" ಎಂದರು. ಲಗಮಪ್ಪ, "ತಪ್ಪು ನಂದೈತ್ರಿ, ನನ್ನ ಬೈರಿ" ಎಂದ. ಅತ್ತೆಯವರು ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಮುಂದೆ ಬಂದು ನಿಂತರು.

"ಇವರದು ಇರಲಿ. ನೀ ಹೇಳ. ಕೊರಳಾಗಿನ ಲಿಂಗಾ ಮುಟ್ಟಿ ಹೇಳ. ನಾ ಇರ್ಲೋ, ಹೋಗ್ಲೋ?"

ನಾನು ಲಿಂಗ ಮುಟ್ಟಿದೆ. "ಇರ್ರಿ" ಎನ್ನಬೇಕಾಗಿತ್ತು, ಎಂದೆ ಕೂಡ. ಮನಸ್ಸಿನಿಂದಲೇ ಎಂದೆ. ಆದರೆ ಒಂದು ಉಸಿರು ತಡವಾಯಿತು. ಆ ಒಂದು ಉಸಿರಿನಲ್ಲಿ, ಉಪ್ಪು ಹಾಕುವಾಗ ಯಾರೂ ಹಿಂದೆ ನಿಲ್ಲದ ಅಡುಗೆಮನೆಯೊಂದು ನನ್ನ ಕಣ್ಣ ಮುಂದೆ ಬಂದು ಹೋಯಿತು. ಲಿಂಗ ಮುಟ್ಟಿದ ಕೈ. ಸುಳ್ಳು ಹೇಳಲಿಲ್ಲ, ನಿಜ ಹೇಳಲು ಅಷ್ಟು ಹೊತ್ತು ಬೇಕಾಯಿತು.

ಗಂಡಸರಿಬ್ಬರಿಗೂ ಅದು ತಿಳಿಯಲಿಲ್ಲ. ಅತ್ತೆಯವರಿಗೆ ತಿಳಿಯಿತು. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕುಳಿತು, ಗಂಟು ಬಿಚ್ಚತೊಡಗಿದರು.

"ಹೋದರ ನಿನಗ ಭಾಳ ಛಲೋ ಆಗೂ ಹಂಗ ಕಾಣತೈತಿ," ಎಂದರು. "ಇಲ್ಲೇ ಇರ್ತೀನಿ."

ನಮ್ಮವರು ಅದನ್ನು ತಾಯಿಯ ಕರುಳೆಂದರು. ಲಗಮಪ್ಪ ಲಾವಕ್ಕಿಯ ಪುಣ್ಯವೆಂದ. ಮನೆ ಒಡೆಯಲಿಲ್ಲ, ಊರಿನ ಬಾಯಿಗೆ ಬೀಳಲಿಲ್ಲ, ಹಕ್ಕಿಯೂ ಬದುಕಿತು, ಎಣಿಸಲು ಬೇಕಾದಷ್ಟಿತ್ತು. ಆದರೆ ಅಂದಿನಿಂದ ನಾನು ಏನು ಬಡಿಸಿ, "ಅತ್ತಿ, ಪಲ್ಯಾ ಹ್ಯಾಂಗ ಆಗೈತ್ರಿ?" ಎಂದು ಕೇಳಿದರೂ ಅವರು ತಟ್ಟನೆ ಉತ್ತರ ಕೊಡುವುದಿಲ್ಲ. ತುತ್ತನ್ನು ನುಂಗಿ, ನನ್ನನ್ನು ನೋಡಿ, ಸರಿಯಾಗಿ ಒಂದು ಉಸಿರು ತಡೆದು, ಆಮೇಲೆ ಅನ್ನುತ್ತಾರೆ:

"ಛಲೋ ಆಗೈತಿ."