ದೊರೆಸಾನಿಯ ಗೌನಿಗೆ ಕೊಟ್ಟ ಅಳತೆ

ಹೊಲಿಗೆ ಯಂತ್ರದ ಮುಂದೆ ಕೂತವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬಾಗಿಲು ತಟ್ಟಿ, ಒಳಗೆ ಬಂದು, ಅಳತೆ ಕೊಟ್ಟು ಹೋಗುತ್ತದೆ. ಅದರಲ್ಲೂ ನನ್ನ ಹಾಗೆ ಇನ್ನೂರು ವರ್ಷದ ಹಿಂದಿನ ದೊರೆಸಾನಿಯರಿಗೆ ಗೌನು ಹೊಲಿಯುವವಳಾದರೆ ಕೇಳುವುದೇ ಬೇಡ.

ಎಪ್ಪತ್ತರ ದಶಕದ ಕೊನೆಗೆ ಮದುವೆಯಾಗಿ ವಿಜಾಪುರದಿಂದ ಪುಣೆಗೆ ಬಂದವಳು ನಾನು. ಯಜಮಾನರು ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಲೇಥ್ ಮಶೀನಿನ ಮೇಲಿದ್ದರು. ಪೇಠೆಯ ಹಳೆಯ ವಾಡೆಯಲ್ಲಿ, ಹತ್ತಾರು ಸಂಸಾರಗಳ ನಡುವೆ, ನಮಗೆ ಎರಡು ಕೋಣೆ. ನೆರೆಹೊರೆಯವರ ಜಂಪರು ಹೊಲಿದುಕೊಂಡಿದ್ದ ನನ್ನನ್ನು ಒಂದು ದಿನ ನಾಟಕದ ಪೋಷಾಕು ಬಾಡಿಗೆ ಕೊಡುವ ಅಂಗಡಿಯ ಮಾಲೀಕರು ಹುಡುಕಿಕೊಂಡು ಬಂದರು. ಪುಣೆಯಲ್ಲಿ ಪೇಶವೆಗಳ ಕಾಲದ ನಾಟಕಗಳಿಗೇನೂ ಕೊರತೆಯಿರಲಿಲ್ಲ. ಪೇಶವೆ ಬಂದ ಮೇಲೆ ದರ್ಬಾರಿಗೆ ಇಂಗ್ಲಿಷ್ ಸಾಹೇಬ ಬರಬೇಕು, ಸಾಹೇಬನ ಹಿಂದೆ ಅವನ ಹೆಂಡತಿ ಬರಬೇಕು. ಪೇಶವೆಯ ಅಂಗಿ ಹೊಲಿಯಲು ಗಲ್ಲಿಗೊಬ್ಬ ದರ್ಜಿ ಇದ್ದ. ದೊರೆಸಾನಿಯ ಗೌನು ಮಾತ್ರ ಯಾರಿಗೂ ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ ಅನ್ನುವುದನ್ನು ನಾನು ಮಾಲೀಕರಿಗೆ ಹೇಳಲಿಲ್ಲ, ಅಷ್ಟೆ.

ನಗುವ ಮಾತಿಗೆ ಮೊದಲು ಒಂದು ನೋವಿನ ಮಾತು ಹೇಳಿಬಿಡುತ್ತೇನೆ. ನಮ್ಮಪ್ಪನಿಗೆ ಅಳಿಯ ಹಿಡಿಸಿರಲಿಲ್ಲ. ಅಪ್ಪ ವಿಜಾಪುರದಲ್ಲಿ ಜೋಳದ ವ್ಯಾಪಾರಿ. ಅವರು ಅಂಗಡಿಯಲ್ಲಿ ಕೆಮ್ಮಿದರೆ ಮನೆಯಲ್ಲಿ ಅವ್ವ ನೀರು ತುಂಬಿಡುತ್ತಿದ್ದಳು. ಗಂಡಸು ಅಂದರೆ ನಾಲ್ಕು ಮನೆಗೆ ಕೇಳುವಂತೆ ಮಾತಾಡಬೇಕು ಅನ್ನುವುದು ಅವರ ಮತ. ನಮ್ಮ ಯಜಮಾನರೋ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಪ್ಪ ವ್ಯಾಪಾರಕ್ಕೆಂದು ಪುಣೆಗೆ ಬಂದಾಗಲೆಲ್ಲ ನಮ್ಮಲ್ಲೇ ಇಳಿಯುತ್ತಿದ್ದರು. ಆದರೆ ಅಳಿಯನ ಜೊತೆ ನೇರ ಮಾತಿಲ್ಲ. ಎದುರಿಗೇ ಊಟಕ್ಕೆ ಕೂತಿದ್ದರೂ ನನ್ನ ಕಡೆ ತಿರುಗಿ, “ನಿನ್ನ ಗಂಡಗ ಇನ್ನೊಂದ ರೊಟ್ಟಿ ಬೇಕೇನ ಕೇಳು” ಅನ್ನುತ್ತಿದ್ದರು. ನಾನು ಕೇಳಬೇಕು. ಇವರು ಬೇಡವೆಂದು ತಲೆ ಆಡಿಸಬೇಕು. ನಾನು ಅಪ್ಪನಿಗೆ “ಬ್ಯಾಡಂತ” ಎಂದು ವರದಿ ಒಪ್ಪಿಸಬೇಕು. ಆರು ವರ್ಷ ಹೀಗೇ ನಡೆಯಿತು. ಅಪ್ಪನ ಬಾಯಿಂದ ನನ್ನ ಗಂಡನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಕೇಳಬೇಕು ಅಂತ ನನ್ನ ಜೀವ ಹಂಬಲಿಸುತ್ತಿತ್ತು.

೧. ಹೊಟ್ಟೆಯ ಮೇಲಿನ ಕುಚ್ಚು

ಮೊದಲ ಗೌನಿಗೆ ಮಾಲೀಕರು ತಂದುಕೊಟ್ಟ ನಮೂನೆ ಒಂದು ಹಳೆಯ ಬಿಸ್ಕೀಟು ಡಬ್ಬಿಯ ಮುಚ್ಚಳ. ಅದರ ಮೇಲೆ ಕುರ್ಚಿಯಲ್ಲಿ ಕೂತ ದೊರೆಸಾನಿಯ ಚಿತ್ರ. ಬಣ್ಣ ಅರ್ಧ ಹೋಗಿತ್ತು, ಒಂದು ಮೂಲೆಗೆ ತುಕ್ಕು ಹಿಡಿದಿತ್ತು. “ಹೀಗೇ ಬರಬೇಕು ಬಾಯಿ, ಒಂದು ಎಳೆ ಆಚೀಚೆ ಆಗಬಾರದು” ಎಂದು ಮರಾಠಿಯಲ್ಲಿ ತಾಕೀತು ಮಾಡಿ ಹೋದರು. ‘ಬಾಯಿ’ ಅಂದರೆ ಅಲ್ಲಿ ‘ಅಮ್ಮಾ’ ಅಂದ ಹಾಗೆ.

ನಾನು ಆಚೀಚೆ ಮಾಡಲಿಲ್ಲ. ತೋಳಿಗೆ ಮೂರು ಸುತ್ತು ಲೇಸು ಇತ್ತು, ಮೂರೇ ಸುತ್ತು ಹಚ್ಚಿದೆ. ಎದೆಯ ಮೇಲೆ ಐದು ಗಂಟು ರಿಬ್ಬನ್ನು ಇತ್ತು, ಐದೇ ಕಟ್ಟಿದೆ. ಹೊಟ್ಟೆಯ ಹತ್ತಿರ ಕಂದು ಬಣ್ಣದ, ಉಣ್ಣೆಯ ದೊಡ್ಡದೊಂದು ಕುಚ್ಚು ಕಾಣುತ್ತಿತ್ತು. ಇಂಗ್ಲೆಂಡಿನಲ್ಲಿ ಚಳಿ ಹೆಚ್ಚು, ಹೊಟ್ಟೆ ಬೆಚ್ಚಗಿರಲಿ ಅಂತ ಇಟ್ಟುಕೊಳ್ಳುತ್ತಿರಬೇಕು ಅಂದುಕೊಂಡೆ. ಹಳೆಯ ಸ್ವೆಟರು ಬಿಚ್ಚಿ, ಎರಡು ದಿನ ಕೂತು ಅಂಥದೇ ಕುಚ್ಚು ಮಾಡಿ ಭದ್ರವಾಗಿ ಹೊಲಿದೆ. ಚಿತ್ರದಲ್ಲಿ ಅದರ ಮೇಲೆ ಎರಡು ಕಪ್ಪು ಗುಂಡಿಗಳಿದ್ದವು, ಅವನ್ನೂ ಇಟ್ಟೆ.

ನಾಟಕ ತಿಂಗಳುಗಟ್ಟಲೆ ಚೆನ್ನಾಗಿ ನಡೆಯಿತು. ಒಂದು ದಿನ ಆಟ ಮುಗಿದ ಮೇಲೆ ಇತಿಹಾಸ ಕಲಿಸುವ ಹಿರಿಯ ಮೇಷ್ಟ್ರೊಬ್ಬರು ಗೌನು ಹೊಲಿದವರು ಯಾರೆಂದು ಕೇಳಿಕೊಂಡು ಒಳಗೆ ಬಂದರು. ನನ್ನ ಲೇಸು ಹೊಗಳಿದರು, ರಿಬ್ಬನ್ನು ಹೊಗಳಿದರು. ಆಮೇಲೆ ಕುಚ್ಚನ್ನು ಮುಟ್ಟಿ ನೋಡಿ, ಮುಚ್ಚಳ ತರಿಸಿ, ಕನ್ನಡಕ ಏರಿಸಿ ನೋಡಿ, ಬಹಳ ಮೃದುವಾಗಿ ಹೇಳಿದರು: “ಬಾಯಿ, ಇದು ನಾಯಿ. ಆಕೆಯ ತೊಡೆಯ ಮೇಲೆ ಮಲಗಿದೆ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕತ್ತರಿ ತಗೊಂಡೆ. ಮಾಲೀಕರು ಕೈ ಹಿಡಿದರು. “ಈಗ ತೆಗೆಯಬೇಡಿ. ನಮ್ಮದನ್ನು ನೋಡಿ ಉಳಿದ ಅಂಗಡಿಯವರೂ ಹಚ್ಚಿಸಿಕೊಂಡಿದ್ದಾರೆ.” ಮುಂದೆ ಎರಡು ವರ್ಷ ಪುಣೆಯ ರಂಗಭೂಮಿಯ ದೊರೆಸಾನಿಯರೆಲ್ಲ ಹೊಟ್ಟೆಗೆ ನಾಯಿ ಹೊಲಿಸಿಕೊಂಡು ಓಡಾಡಿದರು.

೨. ಬುಡವಿಲ್ಲದ ಬುಟ್ಟಿ

ಅದೇ ಮೇಷ್ಟ್ರು ನನಗೆ ಗುರುವಾದರು. ಆ ಕಾಲದ ಗೌನಿನ ಒಳಗೆ, ಸೊಂಟದ ಎರಡೂ ಕಡೆ ಬೆತ್ತದ ಬುಟ್ಟಿಯಂಥದು ಕಟ್ಟಿಕೊಳ್ಳುತ್ತಿದ್ದರೆಂದೂ, ಅದಕ್ಕೇ ಬಟ್ಟೆ ಹಾಗೆ ಅಗಲವಾಗಿ ನಿಲ್ಲುವುದೆಂದೂ ಅವರೇ ಹೇಳಿಕೊಟ್ಟದ್ದು. ನಾನು ಬುಟ್ಟಿ ಹೆಣೆಯುವವರ ಗಲ್ಲಿಗೆ ಹೋಗಿ, ಅಲ್ಲಿ ಕೂತಿದ್ದ ಮುದುಕಿಗೆ ಎರಡು ಬುಟ್ಟಿ ಬೇಕು ಅಂದೆ. “ಬುಡ ಬೇಡ” ಅಂದೆ.

“ಬುಡವಿಲ್ಲದ ಬುಟ್ಟಿಯಲ್ಲಿ ಏನು ಇಡುತ್ತೀ?”

“ಏನೂ ಇಡುವುದಿಲ್ಲ. ಸೊಂಟಕ್ಕೆ ಕಟ್ಟಿಕೊಳ್ಳುವುದು. ಸೊಂಟ ದಪ್ಪ ಕಾಣಲಿ ಅಂತ.”

ಮುದುಕಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ನಾನು ಬುಡ ಹಾಕಿಯೇ ಕೊಡುತ್ತೇನೆ. ನಾಳೆ ನಿನಗೆ ಬುದ್ಧಿ ಬಂದರೆ ತರಕಾರಿಗಾದರೂ ಆಗುತ್ತದೆ” ಅಂದಳು. ಎಷ್ಟು ಹೇಳಿದರೂ ಕೇಳಲಿಲ್ಲ.

ಬುಡವಿದ್ದ ಬುಟ್ಟಿಗಳನ್ನೇ ಕಟ್ಟಿ ಗೌನು ಮಾಡಿದೆ. ದೊರೆಸಾನಿಯ ಪಾತ್ರ ಮಾಡುತ್ತಿದ್ದವಳು ಬ್ಯಾಂಕಿನಲ್ಲಿ ಗುಮಾಸ್ತೆ. ಪಾಪ, ಕೆಲಸ ಮುಗಿಸಿ, ಮಂಡಿಯಲ್ಲಿ ಸಂತೆ ಮಾಡಿಕೊಂಡು, ನೇರವಾಗಿ ನಾಟಕಕ್ಕೆ ಬರುತ್ತಿದ್ದಳು. ಬಣ್ಣದ ಕೋಣೆಯಲ್ಲಿ ಸಾಮಾನು ಇಟ್ಟರೆ ಉಳಿಯುವ ಭರವಸೆ ಇರಲಿಲ್ಲ. ಸೊಂಟದ ಮೇಲೆ ಎರಡು ಖಾಲಿ ಬುಟ್ಟಿಗಳಿದ್ದವು. ನಾನಾಗಿದ್ದರೂ ಅವಳು ಮಾಡಿದ್ದನ್ನೇ ಮಾಡುತ್ತಿದ್ದೆ.

ಪೇಶವೆಗೆ ಬಗ್ಗಿ ವಂದಿಸುವ ದೃಶ್ಯ ಬಂತು. ದೊರೆಸಾನಿ ಬಗ್ಗಿದಳು. ಗೌನಿನೊಳಗಿಂದ ಒಂದು ಉಳ್ಳಾಗಡ್ಡಿ ಉರುಳಿಕೊಂಡು ಬಂತು. ಅದರ ಹಿಂದೆ ಇನ್ನೊಂದು. ಅವಳು ಗಾಬರಿಯಿಂದ ಎದ್ದದ್ದಕ್ಕೆ ಉಳಿದವೂ ಬಂದವು. ಪೇಶವೆ ಮಾತ್ರ ಪಳಗಿದ ನಟ. ಗಾದಿಯಿಂದ ನಿಧಾನವಾಗಿ ಇಳಿದು, ಕಾಲ ಹತ್ತಿರ ಬಂದಿದ್ದ ಉಳ್ಳಾಗಡ್ಡಿ ಎತ್ತಿ, ಹಣೆಗೆ ಮುಟ್ಟಿಸಿಕೊಂಡು, ಗಂಭೀರವಾಗಿ ಹೇಳಿದರು: “ಕಂಪನಿ ಸರಕಾರದ ಕಾಣಿಕೆ ನಮಗೆ ತಲುಪಿತು.”

೩. ಉಡಿ ತುಂಬಿಸಿಕೊಂಡವರು

ಬ್ಯಾಂಕಿನವಳಿಗೆ ಮತ್ತೆ ಮತ್ತೆ ಬಂದು ಗೌನು ತೊಟ್ಟು ನೋಡಲು ಪುರುಸೊತ್ತು ಎಲ್ಲಿ? ಗೌನು ಎಂದರೆ ಜಂಪರಲ್ಲ. ಯಾರಾದರೂ ತೊಟ್ಟು ನಿಂತರೇ ನೆರಿಗೆ ಗೊತ್ತಾಗುವುದು. ನಮ್ಮ ಯಜಮಾನರದು ಅವಳದೇ ಎತ್ತರ, ಹೆಚ್ಚುಕಡಿಮೆ ಅವಳದೇ ಮೈಕಟ್ಟು. ಒಂದು ಸಂಜೆ ಕೇಳಿಯೇಬಿಟ್ಟೆ. ಅವರು ಕೈ ಮೇಲೆತ್ತಿ ನಿಂತರು.

ಅಂದಿನಿಂದ ಕಾರ್ಖಾನೆ ಬಿಟ್ಟು ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಬಂದವರು ಚಹಾ ಕುಡಿದು, ಗೌನು ತೊಟ್ಟು, ಕಿಟಕಿಯ ಬೆಳಕಿಗೆ ಪೇಪರು ಹಿಡಿದು ನಿಂತುಬಿಡುತ್ತಿದ್ದರು. ನಾನು ಸುತ್ತಲೂ ಮಂಡಿಯೂರಿಕೊಂಡು ಟಾಚಣಿ ಸೂಜಿ ಚುಚ್ಚುತ್ತಿದ್ದೆ. ಮೈಗೆ ಚುಚ್ಚಿದರೂ ಪುಟ ತಿರುವುವುದಷ್ಟೇ.

ಶ್ರಾವಣದ ಒಂದು ಶುಕ್ರವಾರ. ಗಣಪತಿ ಹಬ್ಬದ ದೇಖಾವೆಗೆ, ಅಂದರೆ ಮಂಟಪದ ಪ್ರದರ್ಶನಕ್ಕೆ, ಹೊಲಿಯುತ್ತಿದ್ದ ನೀಲಿ ಗೌನು ಇವರ ಮೈಮೇಲಿತ್ತು. ದಾರ ಮುಗಿಯಿತೆಂದು ನಾನು ಕೆಳಗಿನ ಅಂಗಡಿಗೆ ಹೋದೆ. ಶ್ರಾವಣದ ಶುಕ್ರವಾರ ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಡುವುದು ನಮ್ಮ ವಾಡೆಯ ಪದ್ಧತಿ. ಎದುರು ಮನೆಯ ಅಜ್ಜಿ, ಎರಡೂ ಕಣ್ಣಿಗೆ ಪೊರೆ ಬಂದವಳು, ತಟ್ಟೆ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಾಳೆ. ಕಿಟಕಿಯ ಹತ್ತಿರ ರೇಷ್ಮೆ ಉಟ್ಟು ನಿಂತ ಅತಿಥಿ ಕಂಡಿದ್ದಾಳೆ.

ನಾನು ಬರುವಷ್ಟರಲ್ಲಿ ಅಜ್ಜಿ ಹೋಗಿದ್ದಳು. ಇವರು ಹಣೆಯ ತುಂಬ ಕುಂಕುಮ, ಕೆನ್ನೆಗೆ ಅರಿಶಿನ ಹಚ್ಚಿಸಿಕೊಂಡು, ಗೌನಿನ ಮಡಿಲಲ್ಲಿ ತೆಂಗಿನಕಾಯಿ, ಹುರಿಗಡಲೆ ಹಿಡಿದು ನಿಂತಿದ್ದರು.

“ಅಯ್ಯ, ‘ನಾನು ಗಂಡಸು’ ಅಂತ ಹೇಳಬಾರದೇನ್ರೀ?” ಅಂದೆ.

“ಭಾಳ ಪ್ರೀತಿಲೆ ಉಡಿ ತುಂಬಿದ್ರು. ಬ್ಯಾಡ ಅನ್ನಾಕ ಮನಸಾಗಲಿಲ್ಲ” ಅಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಂಥ ಮನುಷ್ಯನನ್ನು ನಮ್ಮಪ್ಪ ಒಂದು ಸಲ ಸರಿಯಾಗಿ ನೋಡಬಾರದೇ ಅನ್ನಿಸಿತು. ಮರುದಿನ ನಲ್ಲಿಯ ಹತ್ತಿರ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, ದನಿ ಇಳಿಸಿ ಹೇಳಿದಳು: “ನಿಮ್ಮ ಮನೆಗೆ ಬಂದ ಹೆಣ್ಣುಮಗಳು ಬಹಳ ಸಂಪನ್ನೆ. ಮೇಲ್ದುಟಿಯ ಮೇಲೆ ಮಾತ್ರ ಸ್ವಲ್ಪ ಕೂದಲು. ಕಡಲೆಹಿಟ್ಟಿಗೆ ಅರಿಶಿನ ಕಲಸಿ ಹಚ್ಚಿಕೊಳ್ಳಲು ಹೇಳು, ಉದುರಿಹೋಗುತ್ತದೆ.”

೪. ದರ್ಬಾರಿನ ಕಂಬ

ಗಣಪತಿ ಹಬ್ಬ ಬಂತು. ನಮ್ಮ ಗಲ್ಲಿಯ ಮಂಡಳದವರದು ಆ ವರ್ಷ ಪೇಶವೆ ದರ್ಬಾರಿನ ಜೀವಂತ ದೇಖಾವೆ. ಅಂದರೆ ಗೊಂಬೆಗಳ ಬದಲು ಮನುಷ್ಯರೇ ವೇಷ ತೊಟ್ಟು, ಟೇಪಿನಲ್ಲಿ ಕಥೆ ಕೇಳಿಸುತ್ತಿರುವಷ್ಟು ಹೊತ್ತು ಅಲುಗಾಡದೆ ನಿಲ್ಲುವುದು. ಒಂದು ಆಟ ಮುಗಿದರೆ ಪರದೆ, ಮತ್ತೆ ಇನ್ನೊಂದು ಆಟ. ಅಪ್ಪ ದೇಖಾವೆ ಶುರುವಾಗುವ ದಿನವೇ ವ್ಯಾಪಾರಕ್ಕೆ ಬಂದಿದ್ದರು. ಸಂಜೆ ಬಂದು ನನ್ನ ಗೌನು ನೋಡಲೇಬೇಕೆಂದು ಹೇಳಿ ಒಪ್ಪಿಸಿದ್ದೆ.

ಇನ್ನೇನು ಪರದೆ ಏಳಬೇಕು, ಬ್ಯಾಂಕಿನವಳ ಮಗುವಿಗೆ ಜ್ವರ, ಬರುವುದಿಲ್ಲ ಅಂತ ಸುದ್ದಿ ಬಂತು. ಅಲ್ಲಿದ್ದ ಇಬ್ಬರು ಹುಡುಗಿಯರಿಗೆ ಗೌನು ತೊಡಿಸಿ ನೋಡಿದೆವು. ಒಬ್ಬಳಿಗೆ ಭುಜದಿಂದ ಜಾರಿತು, ಇನ್ನೊಬ್ಬಳಿಗೆ ನೆಲಕ್ಕೆ ಎಳೆಯಿತು. ತಿಂಗಳುಗಟ್ಟಲೆ ಒಬ್ಬರ ಮೈಮೇಲೆ ಟಾಚಣಿ ಚುಚ್ಚಿ ಹೊಲಿದ ಗೌನು ಇನ್ನು ಯಾರಿಗೆ ಕೂತೀತು? ಮಾಲೀಕರು ಮೂಲೆಯಲ್ಲಿ ಟಾಚಣಿ ಡಬ್ಬಿ ಹಿಡಿದು ನಿಂತಿದ್ದ ನಮ್ಮ ಯಜಮಾನರ ಕಡೆ ನೋಡಿದರು. ಆಮೇಲೆ ಎಲ್ಲರೂ ನೋಡಿದರು.

“ಬ್ಯಾಡ್ರೀ” ಅಂತ ಅವರ ಕಿವಿಯಲ್ಲಿ ಅಂದೆ. “ಅಪ್ಪ ಬರಾಂವ ಅದಾನ. ನಿಮ್ಮನ್ನ ಹಿಂಗ ನೋಡಿದ್ರ ಜನ್ಮದಾಗ ಮಾತಾಡಸೂದಿಲ್ಲ.”

“ಈಗೇನ ಮಾತಾಡಸ್ತಾರೇನು?” ಅಂದರು ಇವರು. “ನಿನ್ನ ಹೊಲಿಗಿ ನೋಡಾಕ ಬರಾಕತ್ಯಾರ. ಖಾಲಿ ಜಾಗಾ ನೋಡಿ ಹೋಗಬೇಕೇನು? ತೊಡಸು.”

ಮೀಸೆ ಮಾತ್ರ ತೆಗೆಯಲಿಲ್ಲ. ಕೈಗೊಂದು ಲೇಸಿನ ಬೀಸಣಿಗೆ ಕೊಟ್ಟು, ಮೂಗಿನ ಕೆಳಗೆ ಅಡ್ಡ ಹಿಡಿಯಲು ಹೇಳಿದೆವು. ನಾನು ಓಡಿಹೋಗಿ ಜನರ ನಡುವೆ ಅಪ್ಪನ ಪಕ್ಕ ನಿಂತೆ. “ನಿನ್ನ ಗಂಡ ಎಲ್ಲೆ?” ಅಂದರು. “ಸೆಕೆಂಡ್ ಶಿಫ್ಟ್” ಅಂದೆ.

ಪರದೆ ಎದ್ದಿತು. ನೀಲಿ ಗೌನು, ಬಿಳಿ ಕೂದಲಿನ ಟೋಪನ್, ಬೀಸಣಿಗೆ. ಜನ ಚಪ್ಪಾಳೆ ಹೊಡೆದರು. ಟೇಪಿನ ಗಡಸು ದನಿ ಪೇಶವೆಗಳ ವೈಭವ ಬಣ್ಣಿಸುತ್ತಿತ್ತು. “ಈ ದರ್ಬಾರನ್ನು ಅಲುಗಿಸಬಲ್ಲವರು ಯಾರು?” ಎಂದು ಅದು ಕೇಳುವುದಕ್ಕೂ, ಪ್ಲೈವುಡ್ಡಿನ ದೊಡ್ಡ ಕಂಬವೊಂದು ಕಿರ್ರೆಂದು ವಾಲುವುದಕ್ಕೂ ಸರಿಹೋಯಿತು. ಅದು ಬಿದ್ದರೆ ಮೇಲಿನ ಕಮಾನು, ದೀಪದ ಸರ, ಎಲ್ಲಾ ಗಣಪತಿಯ ಮೇಲೇ ಬೀಳುವುದು. ಮಂತ್ರಿ “ಅಯ್ಯಯ್ಯೋ” ಎಂದು ವೇದಿಕೆಯಿಂದ ಹಾರಿದ. ಪೇಶವೆಯ ಪಗಡಿ ಕಣ್ಣಿನ ಮೇಲೆ ಬಂತು. ದೊರೆಸಾನಿ ಮಾತ್ರ ನಿಂತ ಭಂಗಿಯಲ್ಲೇ ಎರಡು ಹೆಜ್ಜೆ ಸರಿದಳು. ಗೌನಿನೊಳಗೆ ಕಾಲು ಕಾಣದ್ದರಿಂದ ಗಾಲಿಯ ಮೇಲೆ ಸರಿದ ಹಾಗಿತ್ತು. ಕಂಬವನ್ನು ಭುಜಕ್ಕೂ ಬುಟ್ಟಿಗೂ ಆನಿಸಿಕೊಂಡು ನಿಂತಳು. ಬೀಸಣಿಗೆ ಅಲುಗಲಿಲ್ಲ, ರೆಪ್ಪೆ ಬಡಿಯಲಿಲ್ಲ. ಟೇಪು ಮುಗಿದು ಪರದೆ ಬೀಳುವವರೆಗೂ ಹಾಗೇ ನಿಂತಳು. ಗಲ್ಲಿಗೆ ಗಲ್ಲಿಯೇ ಸಿಳ್ಳೆ ಹಾಕಿತು.

ಅಪ್ಪ ತಮ್ಮ ಮಾಮೂಲಿ ದನಿಯಲ್ಲಿ, ಅಂದರೆ ಇಡೀ ಪೇಠೆಗೆ ಕೇಳುವಂತೆ, ಹೇಳಿದರು: “ಏನ ನಿಂತಾಳ ನೋಡ ಹೆಣಮಗಳು! ಒಂದ ಮಾತಿಲ್ಲ, ಒದರಾಟಿಲ್ಲ. ಬೀಳೂ ಮನೀನ ಹೆಗಲ ಮ್ಯಾಲ ಹೊತ್ತಗೊಂಡಾಳ. ಇಂಥವರು ಸಿಗಾಕ ಪುಣ್ಯಾ ಮಾಡಿರಬೇಕವಾ. ಯಾರ ಮನೀಗೆ ಸೇರ್ಯಾಳೋ, ಆ ಮನಿ ಮಂದಿ ಭಾಗ್ಯಾ ಮಾಡ್ಯಾರ.”

ನನಗೆ ತಡೆದುಕೊಳ್ಳಲು ಆಗಲಿಲ್ಲ. “ಅಪ್ಪಾ, ನಮ್ಮ ಮನೀಗೇ ಸೇರ್ಯಾರ. ಅವರು ನಿನ್ನ ಅಳಿಯಾರು” ಅಂದೆ. ಅಂದವಳೇ ಅಳತೊಡಗಿದೆ.

ಅಪ್ಪ ಬಾಯಿ ತೆರೆದವರು ಹಾಗೇ ನಿಂತರು. ಆ ಬಾಯಿಂದ ಶಬ್ದ ಬಾರದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಜನರನ್ನು ಸರಿಸಿಕೊಂಡು ನೇರವಾಗಿ ಪರದೆಯ ಹಿಂದೆ ನಡೆದರು. ನಾನು ಹೆದರಿ ಹಿಂದೆ ಓಡಿದೆ. ಇವರು ಮಾವನನ್ನು ಕಂಡು ಕಾಲಿಗೆ ಬೀಳಲು ಬಗ್ಗಿದರು. ಬೆತ್ತದ ಬುಟ್ಟಿ ಬಗ್ಗಗೊಡಲಿಲ್ಲ. ಅಪ್ಪ ಎರಡೂ ಭುಜ ಹಿಡಿದು ನಿಲ್ಲಿಸಿದರು.

“ಹೆಗಲ ನೋವಾಗಿಲ್ಲೇನ್ರಿ ಅಳಿಯಂದ್ರ?”

ಇವರು ರೂಢಿಯಂತೆ ನನ್ನ ಮುಖ ನೋಡಿದರು.

“ಆಕೀನ್ಯಾಕ ನೋಡ್ತೀರಿ? ನಾ ನಿಮ್ಮನ್ನ ಕೇಳಾಕತ್ತೇನಿ” ಅಂದರು ಅಪ್ಪ.

“ಇಲ್ರಿ ಮಾವಾರ” ಅಂದರು ಇವರು. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಮರುದಿನ ಹೊರಡಬೇಕಿದ್ದ ಅಪ್ಪ ಹೊರಡಲಿಲ್ಲ. ಮಗುವಿನ ಜ್ವರ ಇಳಿದು ಬ್ಯಾಂಕಿನವಳು ಬಂದರೆ, ಅಪ್ಪ ತಮ್ಮ ಹರಕು ಮರಾಠಿಯಲ್ಲಿ ಮಾಲೀಕರಿಗೆ ಹೇಳಿ ಅವಳನ್ನು ಮನೆಗೆ ಕಳಿಸಿದರು. ವಿಸರ್ಜನೆಯವರೆಗೂ ದಿನಾ ಸಂಜೆ ಮಾರ್ಕೆಟ್ಟಿನಿಂದ ನಮ್ಮ ಕಡೆಯ ವ್ಯಾಪಾರಿಗಳನ್ನು ಗುಂಪುಗುಂಪಾಗಿ ಕರೆತಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಪರದೆ ಎದ್ದ ಕೂಡಲೇ ಟೇಪಿನ ದನಿಯೂ ಮುಳುಗಿಹೋಗುವಂತೆ, ಕೈ ಮಾಡಿ ತೋರಿಸುತ್ತಿದ್ದರು:

“ಅಲ್ಲೆ, ಕಂಬದ ಬಾಜೂಕ ದೊರೆಸಾನಿ ನಿಂತಾಳಲ್ರಿ, ಆಕೀನ ನಮ್ಮ ಅಳಿಯ!”