ಹಾಲಿನ ವ್ಯಾನಿನಲ್ಲಿ ಎರಡು ಬೈಕಿನ ಜಾಗ

ಶ್ರೇಯಾಂಸ, ಪ್ರಣತಿ, ಇಬ್ಬರೂ ಕೇಳಿ. ನಿಮ್ಮ ಚಿಕ್ಕಜ್ಜನಿಗೆ ತಲೆ ಕೆಟ್ಟಿದೆ ಎಂದು ಹಳೇಬೀಡಿನಲ್ಲಿ ಯಾರಾದರೂ ಹೇಳಿದರೆ ಜಗಳಕ್ಕೆ ಹೋಗಬೇಡಿ. ಹಾಗೆ ಹೇಳುವವರು ಅವನನ್ನು ಅರ್ಧ ಮಾತ್ರ ಬಲ್ಲವರು. ಪೂರ್ತಿ ಬಲ್ಲವಳು ನಾನು. ಅವನ ತಲೆ ಕೆಟ್ಟಿಲ್ಲ. ಅದರೊಳಗೆ ಒಂದು ಅಳತೆ ಟೇಪು ಸಿಕ್ಕಿಹಾಕಿಕೊಂಡಿದೆ, ಅಷ್ಟೆ!

ನಾನು ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನನಗೆ ಈಗಲೂ ಆಗುವುದಿಲ್ಲ. ಬಸದಿಯಲ್ಲಿ ಪ್ರಸಾದ ಇನ್ನೊಂದಿಷ್ಟು ಬೇಕೆಂದರೂ ಕೇಳದೆ ಬರುವವಳು. ಆದರೆ ಕಾಗದದ ಮುಂದೆ ಯಾರಿರುತ್ತಾರೆ? ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಚಿಕ್ಕಜ್ಜ ಎಂದರೆ ನನ್ನ ಮೈದುನ, ನಿಮ್ಮ ಅಜ್ಜನ ತಮ್ಮ. ನಮ್ಮದೂ ಅವರದೂ ಬೇರೆ ಬೇರೆ ಮನೆ, ಒಂದೇ ಅಂಗಳ. ಬೇಲೂರಿನಲ್ಲಿ ಸರ್ವೆಯರ್ ಆಗಿ ಊರೂರಿನ ಹೊಲ ಅಳೆದು ನಿವೃತ್ತನಾದ. ಅವನು ನಿವೃತ್ತನಾದರೂ ಟೇಪು ನಿವೃತ್ತವಾಗಲಿಲ್ಲ. ಹೆಂಡತಿಗೆ ತಂದ ಹೊಸ ಸೀರೆಯನ್ನು ಅಂಗಳದಲ್ಲಿ ಹಾಸಿ ಅಳೆದು, ಎರಡು ಬೆರಳು ಕಡಿಮೆ ಇದೆ ಎಂದು ಅಂಗಡಿಗೆ ವಾಪಸು ಕೊಟ್ಟು ಬಂದವನು ಅವನು. ಆ ಹಬ್ಬಕ್ಕೆ ಅವಳು ಹಳೆಯ ಸೀರೆಯನ್ನೇ ಉಟ್ಟಳು. ಅಳತೆ ಮಾತ್ರ ಸರಿಯಾಗಿತ್ತು!

ಅಣ್ಣ ತಮ್ಮ ಇಬ್ಬರಿಗೂ ಬೈಕಿನ ಹುಚ್ಚು. ತಮ್ಮನ ನೌಕರಿ ಮುಗಿದ ಮೇಲೆ ಎರಡು ಬೈಕುಗಳಲ್ಲಿ ಊರು ಸುತ್ತಬೇಕೆಂದು ಮಾತಾಡಿಕೊಂಡಿದ್ದರು. ಅಷ್ಟರೊಳಗೆ ನಿಮ್ಮ ಅಜ್ಜ ಹೋದರು. ಆರು ವರ್ಷವಾಯಿತು. ಅವರ ಕಪ್ಪು ಬೈಕು ನಮ್ಮ ಹಿತ್ತಿಲ ಚಾವಡಿಯಲ್ಲಿ ನನ್ನದೇ ಒಂದು ಹಳೆಯ ಸೀರೆ ಹೊದ್ದುಕೊಂಡು ನಿಂತಿತು. ಆಮೇಲೆ ಮೈದುನನ ಸೊಂಟವೂ ಕೈಕೊಟ್ಟಿತು. ದೂರದ ಊರಿಗೆ ಬೈಕಿನಲ್ಲಿ ಹೋಗಕೂಡದೆಂದು ಡಾಕ್ಟರು ಹೇಳಿದರು. ಬೇರೆಯವರಾಗಿದ್ದರೆ ಬೈಕು ಮಾರುತ್ತಿದ್ದರು. ಇವನು ವ್ಯಾನು ಕೊಂಡ!

ಅವನ ಲೆಕ್ಕ ಹೀಗೆ: ಬೈಕುಗಳನ್ನು ವ್ಯಾನಿನಲ್ಲಿ ಹೇರುವುದು, ವ್ಯಾನಿನಲ್ಲೇ ಅಡುಗೆ, ನಿದ್ದೆ. ಚೆಂದದ ಜಾಗ ಸಿಕ್ಕಿದ ಕಡೆ ಬೈಕು ಇಳಿಸಿ ನಾಲ್ಕು ಮೈಲಿ ಓಡಿಸಿ ಮತ್ತೆ ಹತ್ತಿಸುವುದು. ಅವನ ಹೆಂಡತಿ, ನನ್ನ ವಾರಗಿತ್ತಿ, ಅವಳ ಬಾಯಿ ನನ್ನ ಬಾಯಿಯ ಪಾಲನ್ನೂ ಸೇರಿಸಿಕೊಂಡು ಹುಟ್ಟಿದ್ದು.

“ಬೈಕನ್ನ ಹೊರೋಕೆ ವ್ಯಾನ್ ಬೇಕು ಅಂದ್ರೆ ಬೈಕ್ ಯಾಕ್ರೀ?” ಎಂದಳು.

“ಹಸುಗೆ ಕೊಟ್ಟಿಗೆ ಬೇಕು ಅಂದ್ರೆ ಹಸು ಯಾಕೆ ಅಂತೀಯೇನೇ?” ಎಂದ.

ವ್ಯಾನಿನ ನಕ್ಷೆಯನ್ನು ಹೊಲದ ನಕ್ಷೆಯ ಹಾಗೇ ಬರೆದಿದ್ದ, ದಿಕ್ಕು ತೋರಿಸುವ ಬಾಣದ ಗುರುತು ಸಮೇತ. ಹಿಂಬದಿಯಲ್ಲಿ ಎರಡು ಬೈಕಿಗೆ ಜಾಗ. ಒಂದರ ಮೇಲೆ ‘ನಂದು’ ಎಂದು ಬರೆದಿತ್ತು. ಇನ್ನೊಂದರ ಮೇಲೆ ‘ಅಣ್ಣಂದು’.

ನಾನು ನಕ್ಷೆಯನ್ನು ನೋಡಿದ್ದನ್ನು ಅವನು ನೋಡಿದ. “ಅದನ್ನ ಸ್ಟಾರ್ಟ್ ಮಾಡಬೇಡ ಅಂತ ಆಗಲೇ ಹೇಳಿದೀನಿ. ಆ ಸದ್ದು ನನ್ನ ಕಿವಿಗೆ ಬೀಳಬಾರದು,” ಎಂದೆ. ನಿಮ್ಮ ಅಜ್ಜ ತೀರಿಕೊಂಡ ತಿಂಗಳಲ್ಲೂ ಇದೇ ಮಾತು ಹೇಳಿದ್ದೆ.

“ಆಯ್ತು ಅತ್ತಿಗೆ,” ಎಂದ. ಕಾಗದ ಮಡಚಿದ. ಎರಡನೆಯ ಜಾಗವನ್ನು ಮಾತ್ರ ಅಳಿಸಲಿಲ್ಲ.

ವ್ಯಾನಿನ ಪೂರ್ವಾಶ್ರಮದ ಕಥೆ ಕೇಳಿ. ಅದು ಯಾರೋ ಖಾಸಗಿಯವರು ಹಳ್ಳಿಹಳ್ಳಿಗೆ ಹೋಗಿ ಹಾಲು ಎತ್ತುತ್ತಿದ್ದ ಗಾಡಿ. ಎಷ್ಟು ತೊಳೆದರೂ ಬಿಸಿಲೇರಿದರೆ ಮಜ್ಜಿಗೆ ಮಡಕೆಯ ವಾಸನೆ. ನಮ್ಮ ಬೀದಿಯ ಬೆಕ್ಕುಗಳೆಲ್ಲ ಅದರ ಕೆಳಗೇ ಸಂಸಾರ ಹೂಡಿದವು. ಮೊದಲ ಸಲ ಅದನ್ನು ಮಾದಿಹಳ್ಳಿ ಕಡೆ ಓಡಿಸಿಕೊಂಡು ಹೋದಾಗ ದಾರಿಗೆ ಅಡ್ಡ ಬಂದ ಎಮ್ಮೆಗೆ ಹಾರನ್ ಹೊಡೆದನಂತೆ. ಆ ಹಾರನ್ನಿನ ಗುರುತು ಆ ಊರಿನ ಹೆಂಗಸರಿಗೆ ಇನ್ನೂ ಇತ್ತು. ಎಮ್ಮೆ ಪಕ್ಕಕ್ಕೆ ಸರಿಯುವುದರೊಳಗೆ ಏಳೆಂಟು ಜನ ಕ್ಯಾನು ಹಿಡಿದು ಬಂದು ವ್ಯಾನಿನ ಹಿಂದೆ ಸಾಲು ನಿಂತರು. ಇವನು ಬಾಗಿಲು ತೆಗೆದು, ಇದು ಹಾಲಿನ ವ್ಯಾನಲ್ಲ, ಪ್ರವಾಸದ ವ್ಯಾನು ಎಂದು ವಿವರಿಸಿದ. ಒಬ್ಬ ಅಜ್ಜಿ ಒಳಗೆ ಇಣುಕಿ ಒಲೆ, ಹಾಸಿಗೆ, ಪಾತ್ರೆ ಎಲ್ಲ ನೋಡಿ, “ಪಾಪ, ಮನೆಯಿಂದ ಆಚೆ ಹಾಕವ್ರೇನಪ್ಪಾ?” ಎಂದು ಅರ್ಧ ಸೇರು ಹಾಲು ಪುಕ್ಕಟೆ ಕೊಟ್ಟು ಕಳಿಸಿತು. ಮರುದಿನವೇ ಹಾರನ್ ಬದಲಾಯಿಸಿದ.

ಮಲಗುವ ಹಲಗೆಯ ಕಥೆ ಇನ್ನೂ ಚೆನ್ನಾಗಿದೆ. ಹೆಂಡತಿಯನ್ನು ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿಸಿ ನೆತ್ತಿಯಿಂದ ಹಿಮ್ಮಡಿಯ ತನಕ ಟೇಪು ಹಿಡಿದ.

“ಮಲಗಿರೋರನ್ನ ಯಾವಾಗ ಅಳೀತಾರೆ ಅಂತ ಗೊತ್ತೇನ್ರೀ ನಿಮಗೆ? ನಾನಿನ್ನೂ ಉಸಿರಾಡ್ತಿದೀನಿ.”

“ಉಸಿರಾಡಬೇಡ, ಅರ್ಧ ಇಂಚು ತಪ್ಪುತ್ತೆ.”

ಹಲಗೆ ಅವಳ ಅಳತೆಗೆ ಸರಿಯಾಗಿಯೇ ಬಂತು. ಆದರೆ ಅದನ್ನು ಕೆಳಗಿಳಿಸಿದರೆ ಬೈಕಿಗೆ ಜಾಗವಿಲ್ಲ, ಬೈಕು ನಿಲ್ಲಿಸಿದರೆ ಹಲಗೆ ಇಳಿಯುವುದಿಲ್ಲ. ಬೈಕು ಒಳಗೆ ಮಲಗಬೇಕು, ಇಲ್ಲವೇ ನಾವು! ಹೊಲ ಅಳೆಯುವಾಗಲೂ ಹೀಗೇ ಅಳೆದಿದ್ದರೆ ಬೇಲೂರು ತಾಲ್ಲೂಕಿನ ಅರ್ಧ ಜನ ಪಕ್ಕದವರ ಹೊಲ ಉಳುತ್ತಿರಬೇಕು.

ಇನ್ನು ಡೀಸೆಲ್. ನಾವು ಜೈನರು, ನೀರನ್ನು ಸೋಸದೆ ಕುಡಿಯುವವರಲ್ಲ, ನಿಮಗೆ ಗೊತ್ತು. ಹಳೆಯ ಇಂಜಿನ್ನಿಗೆ ಕಸ ಹೋಗಬಾರದೆಂದು ಅರಸೀಕೆರೆಯ ಮೆಕ್ಯಾನಿಕ್ ರಫೀಕ್ ಹೇಳಿದ್ದೇ ತಡ, ಮೈದುನ ಡೀಸೆಲ್ಲನ್ನೂ ಸೋಸತೊಡಗಿದ. ಯಾವುದರಲ್ಲಿ? ಅಡುಗೆಮನೆಯ ಸೋಸುಬಟ್ಟೆಯಲ್ಲಿ! ಸೋಸಿ, ಸೋಪು ಹಾಕಿ ಒಗೆದು, ಸದ್ದಿಲ್ಲದೆ ಕೊಡದ ಮೇಲೆ ಹೊದಿಸಿಟ್ಟಿದ್ದ. ಮೂರು ದಿನ ಅವರ ಮನೆಯ ನೀರಿಗೆ, ಸಾರಿಗೆ, ಕೊನೆಗೆ ಪಾಯಸಕ್ಕೂ ಬಂಕಿನ ವಾಸನೆ. ಅಷ್ಟಕ್ಕೇ ಮುಗಿಯಲಿಲ್ಲ. ಸೋಸಿದ ಬಟ್ಟೆಯಲ್ಲಿ ಸಣ್ಣ ಜೀವ ಉಳಿದಿದ್ದರೆ ಸಾಯಬಾರದೆಂದು ಅದನ್ನು ನೀರು ತಂದ ಬಾವಿಯಲ್ಲೇ ಜಾಲಿಸಬೇಕು, ಅದು ನಮ್ಮ ಪದ್ಧತಿ. ಹಾಗಾದರೆ ಡೀಸೆಲ್ ಸೋಸಿದ ಬಟ್ಟೆಯನ್ನು ಎಲ್ಲಿ ಜಾಲಿಸುವುದು? ಬಂಕಿಗೇ ಹೋಗಿ ಕೇಳಿದನಂತೆ. ಬಂಕಿನವನು ಒಂದು ಲೋಟ ನೀರು ಕೊಟ್ಟು, ನೆರಳಲ್ಲಿ ಕೂರಿಸಿದನಂತೆ.

ಆ ರಫೀಕನ ತಾಳ್ಮೆಯನ್ನು ಹೇಳಲೇಬೇಕು. ಒಮ್ಮೆ ಯಾವುದೋ ಬಿಡಿಭಾಗ ಬರುವುದು ತಡವಾಗಿ ವ್ಯಾನು ಅಂಗಳದಲ್ಲೇ ನಿಂತಿತ್ತು. ಭಾಗ ಹಿಡಿದುಕೊಂಡು ಅವನು ಬಸ್ಸಿನಲ್ಲಿ ಬಂದು ನೋಡಿದರೆ ಇಂಜಿನ್ನಿನ ಸಂದಿಯಲ್ಲಿ ಗುಬ್ಬಿ ಗೂಡು, ಗೂಡಿನಲ್ಲಿ ಮೂರು ಮೊಟ್ಟೆ. ಗೂಡು ಸರಿಸಲು ಮೈದುನ ಬಿಡಲಿಲ್ಲ. ಮರಿಯಾಗಿ ಹಾರುವ ತನಕ ಇಂಜಿನ್ ಮುಟ್ಟಬಾರದು ಎಂದ.

“ಅಲ್ಲೀವರ್ಗೂ ನಾನೇನ್ ಮಾಡ್ಲಿ ಸಾರ್?”

“ಕಾಫಿ ಕುಡೀರಿ.”

ಕಾಫಿ ಕುಡಿದು ರಫೀಕ್ ಹೊರಟುಹೋದ. ಆಮೇಲೆ ಎರಡು ದಿನಕ್ಕೊಮ್ಮೆ ಫೋನು. ಮೊಟ್ಟೆ ಒಡೆದವಾ, ಕಣ್ಣು ಬಿಟ್ಟವಾ, ಪುಕ್ಕ ಬಂತಾ! ಗ್ಯಾರೇಜಿನ ಗಿರಾಕಿಗಳು, ಮಗಳ ಬಾಣಂತನ ಎಲ್ಲಿ ನಡೀತಿದೆ ಎಂದು ಅವನನ್ನು ಕೇಳಿದರಂತೆ. ಮರಿ ಹಾರಿದ ದಿನ ಅವನೇ ಅರ್ಧ ಕೆಜಿ ಮೈಸೂರು ಪಾಕು ತಂದಿದ್ದ.

ಅಂತೂ ವ್ಯಾನು ಪ್ರವಾಸಕ್ಕೆ ಸಿದ್ಧವಾಯಿತು. ಮೊದಲ ಪ್ರವಾಸ ಅರಸೀಕೆರೆ ಹತ್ತಿರದ ಮಾಲೇಕಲ್ಲು ಬೆಟ್ಟಕ್ಕೆ. ಹೊರಟವರು ಮೂವರು: ಅವನು, ಅವನ ಹೆಂಡತಿ, ನಾನು. ಬರುವುದಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು, ಹಾಗಾಗಿ ಹೋದೆ. ಬೈಕು ಹೋದದ್ದು ಒಂದೇ, ಅವನದು. ಎರಡನೆಯ ಜಾಗ ಖಾಲಿ. ಖಾಲಿ ಬಿಟ್ಟರೆ ವ್ಯಾನು ಒಂದು ಕಡೆಗೆ ವಾಲುತ್ತದೆಂದು ಬೈಕಿನ ತೂಕಕ್ಕೆ ಸರಿಯಾಗಿ ತೆಂಗಿನಕಾಯಿ ಮೂಟೆ ಪೇರಿಸಿದ. ನನಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು. ದಾರಿಯುದ್ದಕ್ಕೂ ಆ ಮೂಟೆಗಳು ನನ್ನ ಬೆನ್ನ ಹಿಂದೆ ಕೂತು ನನ್ನನ್ನೇ ನೋಡುತ್ತಿದ್ದಂತೆ ಅನ್ನಿಸಿತು.

ಹೊತ್ತು ಮುಳುಗುವ ಮೊದಲು ನಮ್ಮ ಊಟ ಮುಗಿಯಬೇಕಲ್ಲ. ವ್ಯಾನಿನ ವೇಗವೋ, ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ತಿರುಗಿ ನೋಡುತ್ತಿದ್ದರು. ಐದು ಗಂಟೆಗೆ ಬಾಣಾವರದ ಹತ್ತಿರ ರಸ್ತೆ ಬದಿಯಲ್ಲೇ ನಿಲ್ಲಿಸಿ ಒಲೆ ಹಚ್ಚಿದೆವು. ಉಪ್ಪಿಟ್ಟು ಬಾಣಲೆಯಿಂದ ಇಳಿಯುವಷ್ಟರಲ್ಲಿ ಒಂದು ಲಾರಿ, ಎರಡು ಸ್ಕೂಟರು ನಿಂತವು. ಒಬ್ಬರು ಈರುಳ್ಳಿ ಜಾಸ್ತಿ ಹಾಕಿ ಎಂದರು. ನಮ್ಮಲ್ಲಿ ಈರುಳ್ಳಿ ಹಾಕುವುದಿಲ್ಲ ಎಂದು ವಾರಗಿತ್ತಿ ಹೇಳಿದ್ದಕ್ಕೆ, “ಮತ್ಯಾಕ್ರಮ್ಮಾ ಹೋಟ್ಲು ಇಟ್ಕೊಂಡಿದೀರಾ?” ಎಂದು ಬೈದು ಹೋದರು.

ಮರುದಿನ ಬೆಳಗ್ಗೆ ಬೆಟ್ಟದ ಬುಡದ ಏರಿನಲ್ಲಿ ವ್ಯಾನು ಒಮ್ಮೆ ಜಗ್ಗಿತು. ಹಿಂದಿನ ಬಾಗಿಲು ತೆರೆದುಕೊಂಡಿತು. ಮೂಟೆ ಬಿಚ್ಚಿ ತೆಂಗಿನಕಾಯಿಗಳು ಒಂದರ ಹಿಂದೊಂದು ರಸ್ತೆಗಿಳಿದು ಉರುಳಿದವು. ಮೇಲೆ ವೆಂಕಟರಮಣನ ದರ್ಶನಕ್ಕೆ ಹೊರಟಿದ್ದ ಭಕ್ತರು ಅವನ್ನು ಹಿಡಿದು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಂಡರು. ಯಾರೋ ದೊಡ್ಡ ಮನುಷ್ಯರು ಹರಕೆ ತೀರಿಸುತ್ತಿದ್ದಾರೆ ಎಂದುಕೊಂಡರಂತೆ. ಒಬ್ಬ ಮುದುಕರು ಬಂದು ಮೈದುನನಿಗೆ ಕೈಮುಗಿದರು. ಇವನು ವಾಪಸು ಕೇಳುವುದಾದರೂ ಹೇಗೆ? ಇವನೂ ಕೈಮುಗಿದ!

ತೂಕ ತಪ್ಪಿದ ವ್ಯಾನು ಒಂದು ಮಗ್ಗುಲಿಗೆ ಒರಗಿಕೊಂಡೇ ಅರಸೀಕೆರೆ ಸೇರಿತು. ಬಾಗಿಲಿನ ಚಿಲಕ ತರಲು ಮೈದುನ ಅಂಗಡಿಗೆ ಹೋದ. ನಾವಿಬ್ಬರೂ ಗ್ಯಾರೇಜಿನ ಬೆಂಚಿನ ಮೇಲೆ ಕೂತೆವು. ರಫೀಕ್ ವ್ಯಾನಿನ ಕೆಳಗಿನಿಂದ ಮುಖ ಹೊರಗೆ ಹಾಕಿ, “ಅಮ್ಮಾ, ಆ ಜಾಗಕ್ಕೆ ಅಣ್ಣೋರ ಬೈಕೇ ಸರಿ. ಅದನ್ಯಾಕೆ ತರ್ಲಿಲ್ಲ?” ಎಂದ.

ಆರು ವರ್ಷದಿಂದ ಸ್ಟಾರ್ಟ್ ಮಾಡಿಲ್ಲ, ತುಕ್ಕು ಹಿಡಿದಿರುತ್ತದೆ ಎಂದೆ.

“ಯಾರಂದ್ರು? ಸಾರು ತಿಂಗ್ಳಿಗೊಂದಪ ಅದನ್ನ ಹುಲಿಕೆರೆ ರಸ್ತೇಲಿ ತಳ್ಕೊಂಡು ಹೋಗ್ತಾರೆ. ಅಲ್ಲಿ ಸ್ಟಾರ್ಟ್ ಮಾಡಿ, ಒಂದು ಸುತ್ತು ಓಡ್ಸಿ, ಮತ್ತೆ ತಳ್ಕೊಂಡೇ ಬತ್ತಾರೆ. ಇಂಜಿನ್ ಹೊಸದ್ರಂಗೆ ಐತೆ.”

ನಾನು ವಾರಗಿತ್ತಿಯ ಕಡೆ ನೋಡಿದೆ. ಅವಳು ಸೆರಗಿನ ತುದಿ ನೋಡುತ್ತಿದ್ದಳು. ತಿಂಗಳಿಗೊಮ್ಮೆ ಅವನು ಆ ಬೈಕು ತಳ್ಳಿಕೊಂಡು ಹೋಗುವುದನ್ನು ನಾನೂ ಕಂಡಿದ್ದೆ. ಗಾಳಿ ಹೊಡೆಸಲು ಎನ್ನುತ್ತಿದ್ದ. ಇಷ್ಟು ಗಾಳಿ ಯಾವ ಬೈಕಿಗೆ ಬೇಕು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

“ಎಷ್ಟು ದೂರ ಹೋದ್ರೆ ಸದ್ದು ಕೇಳಲ್ಲ ಅಂತ ಮೊದಲು ತಮ್ಮದೇ ಬೈಕ್ ತಗೊಂಡು ಹೋಗಿ ಅಳತೆ ಮಾಡಿದ್ರು ಅಕ್ಕ,” ಎಂದಳು ವಾರಗಿತ್ತಿ. “ನನ್ನನ್ನ ನಿಮ್ಮ ಹಿತ್ತಿಲಲ್ಲಿ ನಿಲ್ಲಿಸಿದ್ರು. ಒಂದು ಮೈಲಿ ಎರಡು ಫರ್ಲಾಂಗು. ಅಷ್ಟು ದೂರ ಅದನ್ನ ತಳ್ಳಿ ತಳ್ಳಿಯೇ ಸೊಂಟ ಹೋಗಿದ್ದು. ನಿಮಗೆ ಹೇಳಬಾರದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು.”

ಅವಳಂಥ ಬಾಯಿಯವಳು ಆರು ವರ್ಷ ಸುಮ್ಮನಿದ್ದಳೆಂದರೆ ನೀವೇ ಲೆಕ್ಕ ಹಾಕಿ. ಅಷ್ಟರಲ್ಲಿ ಮೈದುನ ಚಿಲಕ ಹಿಡಿದು, ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಬಂದ. ಚಿಲಕ ಹಾಕಿಸಿಕೊಂಡು ಹಳೇಬೀಡು ಸೇರಿದೆವು. ಅಂಗಳದಲ್ಲಿ ಇಳಿಯುವಾಗ, “ಮುಂದಿನ ಸಲ ಅದನ್ನೂ ಹಾಕ್ಕೋ,” ಎಂದೆ.

ಅವನು ನನ್ನ ಕಡೆ ತಿರುಗಲಿಲ್ಲ. ಜೇಬಿನಿಂದ ಟೇಪು ತೆಗೆದು, ನೂರು ಸಲ ಅಳೆದ ಜಾಗವನ್ನೇ ಮತ್ತೆ ಅಳೆಯುತ್ತ ಬಹಳ ಹೊತ್ತು ನಿಂತ.

ಇಷ್ಟೆಲ್ಲ ಅಳೆದವನು ಒಂದನ್ನು ಮರೆತಿದ್ದ: ಹ್ಯಾಂಡಲ್! ಹದಿನೈದು ದಿನ ಬಿಟ್ಟು ಹೇರಿದಾಗ ಎರಡು ಬೈಕಿನ ಹ್ಯಾಂಡಲುಗಳು ಟಗರುಗಳ ಹಾಗೆ ಗುದ್ದಿಕೊಂಡವು. ಕೊನೆಗೆ ಅಣ್ಣನದನ್ನು ಮುಂದಕ್ಕೆ ಮುಖ ಮಾಡಿ, ತನ್ನದನ್ನು ಹಿಂದಕ್ಕೆ ಮುಖ ಮಾಡಿ ನಿಲ್ಲಿಸಿದ. ವಾರಗಿತ್ತಿ, “ಒಂದು ಹೋಗ್ತಿದೆ, ಒಂದು ವಾಪಸ್ ಬರ್ತಿದೆ,” ಎಂದಳು. ವ್ಯಾನು ಮಾತ್ರ ನೆಟ್ಟಗೆ ಓಡಿತು.

ಮತ್ತೆ ಮಾಲೇಕಲ್ಲಿನ ಬುಡವೇ. ಇನ್ನೂ ಬಿಸಿಲಿತ್ತು. ಅಣ್ಣನ ಬೈಕನ್ನು ಇಳಿಸಿ, ಒರೆಸಿ, ನನ್ನ ಹತ್ತಿರ ಬಂದ.

“ಆ ತಿರುವಿನಾಚೆ ತಳ್ಕೊಂಡು ಹೋಗಿ ಸ್ಟಾರ್ಟ್ ಮಾಡ್ಲಾ ಅತ್ತಿಗೆ?”

“ಇಲ್ಲೇ ಮಾಡು,” ಎಂದೆ.

ಮೂರನೆಯ ಒದೆತಕ್ಕೆ ಹತ್ತಿಕೊಂಡಿತು. ಮಕ್ಕಳೇ, ಆ ಸದ್ದು ಹೇಗಿತ್ತೆಂದು ನನಗೆ ಬರೆಯಲು ಬಾರದು. ವ್ಯಾನಿನ ಬಾಗಿಲು ಹಿಡಿದುಕೊಂಡು ನಿಂತೆ. ಬೈಕು ದೂರ ಹೋಯಿತು, ಸದ್ದು ಅಡಗಿತು, ನಾನು ಒಲೆಯ ಮುಂದೆ ಕೂತೆ.

ನಿಮ್ಮ ಅಜ್ಜ ಬೇಲೂರಿನ ನಮ್ಮ ಪಾತ್ರೆ ಅಂಗಡಿಯಿಂದ ಬರುವಾಗ ಬೈಕಿನ ಸದ್ದು ಊರ ತಿರುವಿನಲ್ಲಿ ಕೇಳುತ್ತಲೇ ನಾನು ತಟ್ಟೆ ಹಾಕಿ ಬಡಿಸುತ್ತಿದ್ದೆ. ಅವರು ಕಾಲು ತೊಳೆದು ಬರುವ ಹೊತ್ತಿಗೆ ಅನ್ನ ಬಾಯಿಗಿಡುವಷ್ಟು ಆರಿರುತ್ತಿತ್ತು. ನಾನು ಆರು ವರ್ಷ ಹೆದರಿದ್ದು ಸದ್ದಿಗಲ್ಲ. ಸದ್ದು ಬಂದು, ಒಳಗೆ ಯಾರೂ ಬಾರದೆ ಹೋದರೆ ಏನು ಮಾಡಲಿ ಎಂದು.

ತಿರುವಿನಲ್ಲಿ ಮತ್ತೆ ಸದ್ದು ಕೇಳಿತು. ನಾನು ನೋಡುವಷ್ಟರಲ್ಲಿ ನನ್ನ ಕೈ ತಟ್ಟೆ ಹಾಕಿ ಬಡಿಸಿಬಿಟ್ಟಿತ್ತು.

ಮೈದುನ ಬೈಕು ನಿಲ್ಲಿಸಿ ಆ ತಟ್ಟೆಯನ್ನು ನೋಡಿದ. ಯಾರಿಗೆ ಎಂದು ಕೇಳಲಿಲ್ಲ. ಕೊಡದ ನೀರಲ್ಲಿ ಕಾಲು ತೊಳೆದು ಬಂದು ಕೂತ. ಎರಡು ತುತ್ತು ಉಂಡ ಮೇಲೆ ತಲೆ ಎತ್ತದೆ, “ಸಾರು ಬಿಡಿ ಅತ್ತಿಗೆ,” ಎಂದ. ನಾನು ಸಾರು ಬಿಟ್ಟೆ. ಹೊತ್ತು ಇನ್ನೂ ಮುಳುಗಿರಲಿಲ್ಲ.

ಇದನ್ನು ಅವನಿಗೆ ನಾನು ಬಾಯಿಬಿಟ್ಟು ಹೇಳಿಲ್ಲ, ಇನ್ನು ಹೇಳುವುದೂ ಇಲ್ಲ. ನೀವಿಬ್ಬರೂ ಓದಿ, ನೀರು ತಾಗದ ಕಡೆ, ಗೆದ್ದಲು ಹತ್ತದ ಕಡೆ ಈ ಹಾಳೆಗಳನ್ನು ಎತ್ತಿಡಿ. ನಾನಿರುವ ತನಕ ಅವನ ಕೈಗೆ ಸಿಗದಿರಲಿ. ಆಮೇಲೆ ಕೊಡಿ.